ಠರಾವು ಬರೆಯಲು ಕಲಿತ ಊರುಗಳು

ಕರ್ನಾಟಕದ ಗ್ರಾಮಾಡಳಿತದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕಾಯಿದೆಗಳ ಇಸವಿಗಳನ್ನೇ ಆಧಾರವಾಗಿಟ್ಟುಕೊಂಡು 1959, 1983 ಮತ್ತು 1993 ಎಂಬ ಮೂರು ಘಟ್ಟಗಳಲ್ಲಿ ಆ ಕಥೆಯನ್ನು ವಿಂಗಡಿಸುತ್ತಾರೆ. ಈ ಕ್ರಮದಲ್ಲಿ ತಪ್ಪೇನಿಲ್ಲವಾದರೂ, 1980 ಮತ್ತು 1990ರ ದಶಕಗಳಲ್ಲಿ ಹಳ್ಳಿಗಳಲ್ಲಿ ಓಡಾಡಿ ಕೆಲಸ ಮಾಡಿದ ತಲೆಮಾರಿನ ನೆನಪುಗಳನ್ನು ಒಟ್ಟುಗೂಡಿಸಿದರೆ, ಕಾಯಿದೆಗಳು ಊರಿಗೆ ತಲುಪುವ ಮೊದಲೇ ಅಲ್ಲಿ ಸದ್ದಿಲ್ಲದೆ ಬೇರೊಂದು ಸಿದ್ಧತೆ ನಡೆದಿತ್ತೆಂಬುದು ಮನವರಿಕೆಯಾಗುತ್ತದೆ. ಯುವಕ ಮಂಡಲದ ಕೋಣೆಯಲ್ಲೋ, ಹಾಲಿನ ಡೇರಿಯ ಜಗಲಿಯಲ್ಲೋ, ಮಹಿಳಾ ಸಂಘದ ಚಾಪೆಯ ಮೇಲೋ ಕುಳಿತು, ಸಭೆ ಕರೆಯುವುದು, ಕೋರಂ ಆಗಿದೆಯೇ ಎಂದು ಎಣಿಸುವುದು, ಹಿಂದಿನ ಸಭೆಯ ನಡಾವಳಿಯನ್ನು ಓದಿ ಒಪ್ಪುವುದು, ಠರಾವು ಬರೆಯುವುದು, ಖರ್ಚಿನ ಲೆಕ್ಕ ಕೇಳುವುದು ಎಂಬ ಕೆಲಸಗಳನ್ನು ಕಲಿತವರೇ ಮುಂದೆ ಪಂಚಾಯಿತಿಯ ಕುರ್ಚಿಯಲ್ಲಿ ಕುಳಿತರು, ಇಲ್ಲವೇ ಆ ಕುರ್ಚಿಯ ಎದುರು ನಿಂತು ಪ್ರಶ್ನೆ ಕೇಳಿದರು.

ಇಲ್ಲಿ ಸ್ವಯಂಪ್ರೇರಿತ ಸಂಘ ಎಂದರೆ, ಯಾವ ಕಾನೂನಿನ ಒತ್ತಾಯವೂ ಇಲ್ಲದೆ ಜನ ತಮ್ಮ ಇಚ್ಛೆಯಿಂದ ಸೇರಿ, ತಮ್ಮದೇ ನಿಯಮಗಳನ್ನು ಮಾಡಿಕೊಂಡು, ಲಾಭವನ್ನು ಹಂಚಿಕೊಳ್ಳುವ ವ್ಯಾಪಾರದ ಉದ್ದೇಶಕ್ಕಿಂತ ಬೇರೆಯಾದ ಒಂದು ಸಮಾನ ಹಿತಕ್ಕಾಗಿ ನಡೆಸುವ ಕೂಟ ಎಂದು ಅರ್ಥ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಜನ ಸೇರಿದರೆ ಇಂಥ ಸಂಘವೊಂದನ್ನು ನೋಂದಾಯಿಸಬಹುದು. ನೋಂದಣಿಯ ಗೊಡವೆಗೇ ಹೋಗದೆ ದಶಕಗಳ ಕಾಲ ನಡೆದುಬಂದ ಭಜನಾ ಮಂಡಳಿಗಳೂ ಯುವಕರ ಕೂಟಗಳೂ ಊರೂರಲ್ಲಿವೆ. ಸಹಕಾರ ಸಂಘಗಳು ಬೇರೆ ಕಾಯಿದೆಯಡಿ ನಡೆಯುವ ಆರ್ಥಿಕ ಸಂಸ್ಥೆಗಳಾಗಿದ್ದರೂ, ಸದಸ್ಯತ್ವ ಐಚ್ಛಿಕವಾದದ್ದು ಮತ್ತು ಪ್ರತಿ ಸದಸ್ಯನಿಗೂ ಒಂದೇ ಮತ ಎಂಬ ಕಾರಣಕ್ಕೆ ಅವುಗಳನ್ನೂ ಈ ಚರ್ಚೆಯಿಂದ ಹೊರಗಿಡಲಾಗದು.

ಸಂಘಕ್ಕೂ ಆಡಳಿತಕ್ಕೂ ಇರುವ ನಂಟು ಈ ನಾಡಿಗೆ ಹೊಸದೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 144 ಸದಸ್ಯರೊಂದಿಗೆ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯು ದಸರೆಯ ಸಮಯದಲ್ಲಿ ಸೇರಿ ಅಹವಾಲುಗಳನ್ನು ಕೇಳುವ ವೇದಿಕೆಯಾಗಿತ್ತು. ಅಹವಾಲನ್ನು ಒಬ್ಬೊಬ್ಬರಾಗಿ ಹೇಳುವುದಕ್ಕಿಂತ ಗುಂಪಾಗಿ ಹೇಳಿದರೆ ತೂಕ ಹೆಚ್ಚೆಂಬ ತಿಳಿವಳಿಕೆ ಬೆಳೆದಂತೆ, 1905ರಲ್ಲಿ ಲಿಂಗಾಯತರ ವಿದ್ಯಾಭಿವೃದ್ಧಿ ಸಂಸ್ಥೆಯೂ 1906ರಲ್ಲಿ ಒಕ್ಕಲಿಗರ ಸಂಘವೂ ಹುಟ್ಟಿದವು. 1917ರಲ್ಲಿ ಬ್ರಾಹ್ಮಣೇತರ ಮುಖಂಡರು ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿ ಸರ್ಕಾರಿ ನೌಕರಿಯಲ್ಲಿ ಪಾಲು ಕೇಳಿದ್ದರ ಫಲವಾಗಿ ಮರುವರ್ಷ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಮುಂಬಯಿ ಕರ್ನಾಟಕದ ಕಡೆ 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದ ಕೆಲಸಕ್ಕೆಂದು ಹುಟ್ಟಿ ಏಕೀಕರಣದ ರಾಜಕೀಯಕ್ಕೆ ನೆಲೆಯಾಯಿತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದ ಕೃಷಿ ಪತ್ತಿನ ಸಹಕಾರ ಸಂಘವು, ಸಾಲದ ವ್ಯವಹಾರವನ್ನೂ ಊರವರೇ ಲೆಕ್ಕವಿಟ್ಟು ನಡೆಸಬಲ್ಲರೆಂಬುದನ್ನು ತೋರಿಸಿಕೊಟ್ಟಿತು. ಜಾತಿಯ ಹೆಸರಿನ ಸಂಘ, ನುಡಿಯ ಹೆಸರಿನ ಸಂಘ, ಸಾಲದ ಸಂಘ ಎಂಬ ಈ ಮೂರು ಧಾರೆಗಳೂ ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಹರಿದುಬಂದು, ಸ್ವಾತಂತ್ರ್ಯಾನಂತರದ ಸ್ಥಳೀಯ ರಾಜಕೀಯಕ್ಕೆ ಬಲವನ್ನೂ ತೊಡಕನ್ನೂ ಒಟ್ಟಿಗೇ ತಂದವು.

1970ರ ದಶಕವನ್ನು ನೆನೆಯುವ ಹಳೆಯ ಮೈಸೂರು ಭಾಗದವರ ಮಾತಿನಲ್ಲಿ ಹಾಲಿನ ಡೇರಿ ಬಾರದೆ ಇರುವುದಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಆರಂಭವಾದ ಹೈನು ಅಭಿವೃದ್ಧಿ ಯೋಜನೆಯಡಿ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿಕೊಂಡಾಗ, ಬೆಳಗ್ಗೆ ಮತ್ತು ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವವರ ನಡುವೆ ಜಾತಿಯ ಅಂತರ ಒಮ್ಮೆಗೇ ಅಳಿಯಲಿಲ್ಲ. ಆದರೆ ಲ್ಯಾಕ್ಟೋಮೀಟರಿನ ಅಂಕಿಯನ್ನು ಎಲ್ಲರೆದುರೇ ಓದಬೇಕಾಗಿತ್ತು, ಅದನ್ನು ಎಲ್ಲರೆದುರೇ ಪುಸ್ತಕಕ್ಕೆ ಏರಿಸಬೇಕಾಗಿತ್ತು, ಬಟವಾಡೆಯ ದಿನ ಕಾರ್ಯದರ್ಶಿಯ ಲೆಕ್ಕಕ್ಕೂ ಮನೆಯವರ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಉತ್ತರ ಕೊಡಲೇಬೇಕಾಗಿತ್ತು. ವರ್ಷಕ್ಕೊಮ್ಮೆ ನಡೆಯುವ ಸರ್ವಸದಸ್ಯರ ಸಭೆಯಲ್ಲಿ ಬೋನಸ್ಸಿನ ಬಗ್ಗೆ ಜಗಳವಾಡಿದವರು, ಆಡಳಿತ ಮಂಡಳಿಯ ಚುನಾವಣೆಗೆ ನಿಂತು ಗೆದ್ದವರು, ಸೋತವರು, ಮುಂದೆ ಮಂಡಲ ಪಂಚಾಯಿತಿಯ ಚುನಾವಣೆ ಬಂದಾಗ ನಾಮಪತ್ರ ಸಲ್ಲಿಸಲು ಹಿಂಜರಿಯಲಿಲ್ಲ. ಕರಾವಳಿಯಲ್ಲಿ ಇದೇ ಕೆಲಸವನ್ನು ಯುವಕ ಮಂಡಲಗಳೂ ಮಹಿಳಾ ಮಂಡಲಗಳೂ ಮಾಡಿದವು. ಕಬಡ್ಡಿ, ನಾಟಕ, ಯಕ್ಷಗಾನಗಳ ಜೊತೆಗೆ ಶ್ರಮದಾನದಿಂದ ರಸ್ತೆ ಮಾಡುವ, ಶಾಲೆಗೆ ಕೋಣೆ ಕಟ್ಟಿಸುವ, ಅದಕ್ಕಾಗಿ ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವ ಅಭ್ಯಾಸವನ್ನು ಆ ಮಂಡಲಗಳು ಅಲ್ಲಿನ ಹುಡುಗ ಹುಡುಗಿಯರಲ್ಲಿ ಬೆಳೆಸಿದವು.

ಅರ್ಜಿ ಬರೆಯುವುದನ್ನು ಕಲಿಸಿದ್ದು ಇಂಥ ಸಂಘಗಳಾದರೆ, ಅಧಿಕಾರಿಯ ಎದುರು ತಲೆಯೆತ್ತಿ ಮಾತನಾಡುವುದನ್ನು ಕಲಿಸಿದ್ದು ಚಳವಳಿಗಳು. 1970ರ ದಶಕದಲ್ಲಿ ಬಿ. ಕೃಷ್ಣಪ್ಪ ಮತ್ತು ಅವರ ಒಡನಾಡಿಗಳು ಕಟ್ಟಿದ ದಲಿತ ಸಂಘರ್ಷ ಸಮಿತಿಯು, ಹೆಸರಿಗೆ ಮಾತ್ರ ತಮ್ಮದಾಗಿದ್ದ ಜಮೀನು, ನಿವೇಶನ ಮತ್ತು ಕೆರೆಯ ನೀರಿನ ಹಕ್ಕನ್ನು ಕೇಳುವ ಧೈರ್ಯವನ್ನು ಕೇರಿಗಳಿಗೆ ಕೊಟ್ಟಿತು. 1980ರ ನರಗುಂದ–ನವಲಗುಂದ ರೈತ ಬಂಡಾಯದ ಬಳಿಕ ರಾಜ್ಯದಾದ್ಯಂತ ಹರಡಿದ ರೈತ ಸಂಘವು ಹಳ್ಳಿಯ ಬಾಗಿಲಲ್ಲಿ ಬೋರ್ಡು ನೆಟ್ಟು, ಅನುಮತಿಯಿಲ್ಲದೆ ಸಾಲ ವಸೂಲಿಗೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲವೆಂದು ಸಾರಿತು, ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಭಾಷಣಗಳನ್ನು ಕೇಳಿ ಬೆಳೆದ ಹಸಿರು ಶಾಲಿನ ಕಾರ್ಯಕರ್ತರಿಗೆ, ಸರ್ಕಾರಿ ಜೀಪು ಬಂದರೆ ಎದ್ದು ನಿಲ್ಲಬೇಕೆಂಬ ಹಳೆಯ ಭಯ ಉಳಿಯಲಿಲ್ಲ. ಈ ಎರಡು ಸಂಘಟನೆಗಳ ನಡುವೆ ಭೂಮಿ ಮತ್ತು ಕೂಲಿಯ ವಿಷಯದಲ್ಲಿ ಒಡಕುಗಳಿದ್ದವು, ಅವು ಹಲವು ಊರುಗಳಲ್ಲಿ ಕಹಿಯನ್ನೂ ಉಳಿಸಿದವು. ಹಾಗಿದ್ದರೂ ಆಡಳಿತವೆಂಬುದು ಮೇಲಿನಿಂದ ದಯಪಾಲಿಸುವ ವಸ್ತುವಲ್ಲ, ಕೇಳಿ ಪಡೆಯಬೇಕಾದ ಹಕ್ಕು ಎಂಬ ನಂಬಿಕೆಯನ್ನು ಎರಡೂ ಬಿತ್ತಿದವು.

ಇಂಥ ನೆಲದ ಮೇಲೆ 1983ರ ಕಾಯಿದೆ ಬಂದಿಳಿಯಿತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಛಲದಿಂದ ರೂಪುಗೊಂಡ ಈ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ ಪಂಚಾಯಿತಿ, ಪ್ರತಿ 400 ಜನರಿಗೆ ಒಬ್ಬ ಸದಸ್ಯ, ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಎಲ್ಲಕ್ಕಿಂತ ಮಿಗಿಲಾಗಿ ಮಹಿಳೆಯರಿಗೆ ಶೇಕಡಾ 25ರಷ್ಟು ಮೀಸಲಾತಿ, ಇವು ಆ ವ್ಯವಸ್ಥೆಯ ಮುಖ್ಯ ಅಂಶಗಳು. ಮತದಾರರೆಲ್ಲರೂ ಸೇರಿ ಪಂಚಾಯಿತಿಯ ಕೆಲಸವನ್ನು ಚರ್ಚಿಸುವ ಗ್ರಾಮಸಭೆಗೂ ಅಲ್ಲಿ ಜಾಗವಿತ್ತು. ಬರಗಾಲದ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎಂದು ಜನರಿಂದ ಕರೆಸಿಕೊಂಡ ಸಚಿವರು 1988ರಲ್ಲಿ ತೀರಿಕೊಂಡರು. ಐದು ವರ್ಷದ ಅವಧಿ ಮುಗಿದ ಮೇಲೆ ಹೊಸ ಚುನಾವಣೆ ನಡೆಯದೆ ಮಂಡಲಗಳು ಆಡಳಿತಾಧಿಕಾರಿಗಳ ಕೈಸೇರಿದವು. ಮೊದಲ ಸಲ ಗೆದ್ದುಬಂದ ಸಾವಿರಾರು ಮಹಿಳೆಯರಲ್ಲಿ ಬಹುಪಾಲು ಜನ ಸಭೆಯ ಮೂಲೆಯಲ್ಲಿ ಸೆರಗು ಹೊದ್ದು ಕುಳಿತು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಮನೆಗೆ ಮರಳಿದ್ದನ್ನು ಆ ಕಾಲದ ಸಿಬ್ಬಂದಿಯೂ ಕಾರ್ಯಕರ್ತರೂ ಇಂದಿಗೂ ನೆನೆಯುತ್ತಾರೆ. ಕಾಯಿದೆ ಕುರ್ಚಿಯನ್ನು ಕೊಟ್ಟಿತ್ತು. ಆ ಕುರ್ಚಿಯಲ್ಲಿ ಕುಳಿತು ಮಾತನಾಡುವ ಬಲವನ್ನು ಬೇರೆ ಕಡೆಯಿಂದ ಪಡೆಯಬೇಕಾಗಿತ್ತು.

ಆ ಬಲ ಎಲ್ಲಿಂದ ಬರಬಹುದೆಂಬುದನ್ನು 1989ರಲ್ಲಿ ಆರಂಭವಾದ ಮಹಿಳಾ ಸಮಾಖ್ಯಾ ಕಾರ್ಯಕ್ರಮದ ಅನುಭವ ತೋರಿಸಿಕೊಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ, ನೆದರ್ಲೆಂಡ್ಸ್ ನೆರವಿನೊಂದಿಗೆ ಕೇಂದ್ರ ಸರ್ಕಾರ ರೂಪಿಸಿದ ಈ ಕಾರ್ಯಕ್ರಮವು ಕರ್ನಾಟಕದಲ್ಲಿ ಬೀದರ್, ಬಿಜಾಪುರ ಮತ್ತು ಮೈಸೂರು ಜಿಲ್ಲೆಗಳಿಂದ ಕೆಲಸ ಶುರುಮಾಡಿ ಮುಂದೆ ಇತರ ಜಿಲ್ಲೆಗಳಿಗೂ ಹಬ್ಬಿತು. ಸರ್ಕಾರದ ಹಣದಿಂದ ನಡೆದರೂ ಇದರ ಸಂಘಗಳಿಗೆ ಮೇಲಿನಿಂದ ಗುರಿಗಳನ್ನು ಹೇರಿರಲಿಲ್ಲ. ಏನನ್ನು ಕೈಗೆತ್ತಿಕೊಳ್ಳಬೇಕೆಂಬುದನ್ನು ಸಂಘದ ಹೆಂಗಸರೇ, ಅವರಲ್ಲೂ ಹೆಚ್ಚಾಗಿ ದಲಿತ ಕೂಲಿಕಾರ ಹೆಂಗಸರೇ ತೀರ್ಮಾನಿಸುತ್ತಿದ್ದರು. ಸುಮಾರು ಹತ್ತು ಹಳ್ಳಿಗಳ ಹೊಣೆ ಹೊತ್ತು ಓಡಾಡುತ್ತಿದ್ದ ಕಾರ್ಯಕರ್ತೆಯನ್ನು ‘ಸಹಯೋಗಿನಿ’ ಎಂದು ಕರೆಯುತ್ತಿದ್ದರು.

ಹಗಲೆಲ್ಲ ಹೊಲದಲ್ಲಿ ದುಡಿದು ಬರುವ ಹೆಂಗಸರಿಗೆ ಬಿಡುವು ಸಿಗುತ್ತಿದ್ದದ್ದು ರಾತ್ರಿಯ ಊಟದ ಪಾತ್ರೆಗಳನ್ನು ತೊಳೆದಿಟ್ಟ ಮೇಲೆಯೇ ಆದ್ದರಿಂದ ಸಂಘದ ಸಭೆಗಳೂ ಆ ಹೊತ್ತಿಗೇ ನಡೆಯುತ್ತಿದ್ದವು. ಲಾಟೀನಿನ ಸುತ್ತ ಗುಂಡಾಗಿ ಕುಳಿತವರ ನಡುವೆ ಹಾಜರಿ ಪುಸ್ತಕವೊಂದು ಕೈಯಿಂದ ಕೈಗೆ ಹೋಗುತ್ತಿತ್ತು. ಮೊದಮೊದಲು ಪುಟದ ತುಂಬ ನೀಲಿ ಹೆಬ್ಬೆಟ್ಟುಗಳೇ ಇರುತ್ತಿದ್ದು, ತಿಂಗಳುಗಳು ಕಳೆದಂತೆ ಒಂದು ಮೂಲೆಯಲ್ಲಿ ಓರೆಕೋರೆಯಾದ ಸಹಿಯೊಂದು, ಮುಂದಿನ ಪುಟದಲ್ಲಿ ಮತ್ತೆರಡು ಸಹಿಗಳು ಕಾಣಿಸಿಕೊಳ್ಳುತ್ತಿದ್ದವು. ಕೆಟ್ಟ ಕೈಪಂಪು, ಬಾಗಿಲು ತೆರೆಯದ ಅಂಗನವಾಡಿ, ತೂಕ ಕಡಿಮೆ ಕೊಡುವ ನ್ಯಾಯಬೆಲೆ ಅಂಗಡಿ, ಗಂಡಸರಿಗಿಂತ ಕಡಿಮೆ ಕೂಲಿ, ಸಾರಾಯಿ, ಇವೇ ಚರ್ಚೆಯ ವಿಷಯಗಳು. ಮಾತು ಮುಗಿದ ಮೇಲೆ ಓದುಬರಹ ಬಲ್ಲ ಒಬ್ಬಾಕೆ ನಿರ್ಣಯವನ್ನು ಬರೆದು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ, ಹೇಳಿದ್ದೇ ಬರೆದಿದೆಯೆಂದು ಉಳಿದವರು ಒಪ್ಪಿದ ನಂತರವೇ ಪುಸ್ತಕವನ್ನು ಮುಚ್ಚುತ್ತಿದ್ದರು. ನೋಡಲು ಸಣ್ಣದೆನಿಸುವ ಈ ಕ್ರಮದಲ್ಲಿಯೇ ದೊಡ್ಡ ಪಾಠವಿತ್ತು. ಬರೆದದ್ದನ್ನು ಓದಿಸಿ ಕೇಳುವ ಅಭ್ಯಾಸವಾದ ಹೆಂಗಸು ನಾಳೆ ಪಂಚಾಯಿತಿಯ ನಡಾವಳಿ ಪುಸ್ತಕದ ಖಾಲಿ ಪುಟಕ್ಕೆ ಸುಮ್ಮನೆ ಹೆಬ್ಬೆಟ್ಟು ಒತ್ತುವುದಿಲ್ಲ.

ಇದಕ್ಕಿಂತ ಮುಖ್ಯವಾದ ಪಾಠ ‘ಸಂಘಮನೆ’ ಕಟ್ಟುವಾಗ ಸಿಕ್ಕಿತು. ಸಂಘದ ಹೆಂಗಸರಿಗೆ ಕೂತು ಮಾತನಾಡಲು ಸ್ವಂತ ಸೂರು ಬೇಕೆಂದು ಕಾರ್ಯಕ್ರಮವು ಕಟ್ಟಡಕ್ಕೆ ಹಣ ಕೊಡುತ್ತಿತ್ತಾದರೂ ಜಾಗವನ್ನು ಅವರೇ ಊರಿನಿಂದ ಪಡೆಯಬೇಕಾಗಿತ್ತು. ಆ ಒಂದು ತುಂಡು ಜಾಗಕ್ಕಾಗಿ ಅವರು ಊರ ಹಿರಿಯರ ಮುಂದೆ, ಪಂಚಾಯಿತಿಯ ಮುಂದೆ, ತಹಸೀಲ್ದಾರರ ಮುಂದೆ ನಿಂತು ಮಾತನಾಡಬೇಕಾಯಿತು. ಗುಡಿಯ ಕಟ್ಟೆಯ ಮೇಲೆ ಕುಳಿತ ಗಂಡಸರು ‘ನಿಮಗ್ಯಾಕವ್ವಾ ಮನಿ, ನಿಮ್ಮ ಮನಿ ಇಲ್ಲೇನು?’ ಎಂದು ಕೇಳಿದರೆ ‘ಅದು ಗಂಡನ ಮನಿರೀ ಗೌಡ್ರ, ಇದು ನಮ್ಮ ಸಂಘದ್ದು’ ಎಂದು ಉತ್ತರಿಸುವ ಮಟ್ಟಿಗೆ ಅವರ ಮಾತು ಗಟ್ಟಿಯಾದ ಬಗೆಯನ್ನು ಆ ಭಾಗದಲ್ಲಿ ದುಡಿದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಊರಿನ ಗೋಮಾಳ ಯಾವುದು, ಗಾಂವಠಾಣ ಎಂದರೇನು, ಉತಾರವನ್ನು ಯಾರು ಕೊಡುತ್ತಾರೆ, ಪಂಚಾಯಿತಿ ಠರಾವು ಮಾಡದೆ ಜಾಗ ಏಕೆ ಸಿಗದು ಎಂಬುದನ್ನೆಲ್ಲ ಯಾವ ತರಬೇತಿ ಶಿಬಿರಕ್ಕಿಂತಲೂ ಚೆನ್ನಾಗಿ ಈ ಓಡಾಟ ಅವರಿಗೆ ತಿಳಿಸಿಕೊಟ್ಟಿತು.

ಸಂವಿಧಾನದ 73ನೆಯ ತಿದ್ದುಪಡಿಗೆ ಅನುಗುಣವಾಗಿ 1993ರ ಮೇ ತಿಂಗಳಲ್ಲಿ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ ಜಾರಿಗೆ ಬಂದು, ಆ ವರ್ಷದ ಕೊನೆಯಲ್ಲಿ ಗ್ರಾಮ ಪಂಚಾಯಿತಿಗಳ ಮೊದಲ ಚುನಾವಣೆ ನಡೆದಾಗ, ಮೂರನೆಯ ಒಂದು ಭಾಗದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಪಕ್ಷದ ಚಿಹ್ನೆ ಇಲ್ಲದ ಚುನಾವಣೆಯಾದ್ದರಿಂದ ಪಕ್ಷದ ಬೆಂಬಲವಿಲ್ಲದವರಿಗೂ ಒಂದಿಷ್ಟು ಅವಕಾಶವಿತ್ತು. ಸಂಘದ ಹಲವು ಹೆಂಗಸರು ನಿಂತು ಗೆದ್ದದ್ದು ಆಗಲೇ. ಗೆದ್ದವರ ಹಾದಿಯೇನೂ ಸುಗಮವಾಗಿರಲಿಲ್ಲ. ಅಧ್ಯಕ್ಷೆಯ ಹೆಸರಿನಲ್ಲಿ ಗಂಡ ಅಧಿಕಾರ ನಡೆಸುವುದು, ಸಭೆಯ ತಿಳಿವಳಿಕೆ ಪತ್ರವನ್ನೇ ಕೊಡದಿರುವುದು, ದಲಿತ ಅಧ್ಯಕ್ಷೆಗೆ ಕುರ್ಚಿ ಹಾಕದಿರುವುದು, ಮಾತು ಕೇಳದಿದ್ದರೆ ಅವಿಶ್ವಾಸ ಗೊತ್ತುವಳಿ ತಂದು ಇಳಿಸುವುದು ಮೊದಲಾದ ಅಡ್ಡಿಗಳು ಊರೂರಿನಲ್ಲಿದ್ದವು. ಇಂಥ ಸಂದರ್ಭಗಳಲ್ಲಿ ಒಂಟಿಯಾಗಿ ಗೆದ್ದುಬಂದ ಸದಸ್ಯೆಗೂ, ಬೆನ್ನ ಹಿಂದೆ ಸಂಘವಿದ್ದ ಸದಸ್ಯೆಗೂ ಇದ್ದ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಸಭೆಯ ಹಿಂದಿನ ರಾತ್ರಿ ಸಂಘದಲ್ಲಿ ಕಾರ್ಯಸೂಚಿಯನ್ನು ಓದಿಸಿಕೊಂಡು ಹೋದವಳು, ಸಭೆ ನಡೆಯುವಾಗ ಹೊರಗಿನ ಕಟ್ಟೆಯ ಮೇಲೆ ಸಂಘದ ಹತ್ತಾರು ಹೆಂಗಸರು ಕುಳಿತಿರುವುದನ್ನು ಕಂಡವಳು, ತನ್ನ ಓಣಿಯ ನೀರಿನ ವಿಷಯ ಬಂದಾಗ ಸುಮ್ಮನಿರುತ್ತಿರಲಿಲ್ಲ.

ಇದೇ ಕಾಲದಲ್ಲಿ ಬೇರೊಂದು ಬಗೆಯ ಸಂಘವೂ ಬೆಳೆಯುತ್ತಿತ್ತು. 1980ರ ದಶಕದ ಮಧ್ಯದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯು ದಕ್ಷಿಣ ಕರ್ನಾಟಕದಲ್ಲಿ ರೂಪಿಸಿದ ಉಳಿತಾಯ ಮತ್ತು ಸಾಲದ ಸಣ್ಣ ಗುಂಪುಗಳ ಅನುಭವದಿಂದ ಪಾಠ ಕಲಿತು, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಕೈಗೊಂಡಿತು. ರಾಜ್ಯ ಸರ್ಕಾರ 2000ದಲ್ಲಿ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿದ ಮೇಲೆ ಅಂಗನವಾಡಿಗಳ ಮೂಲಕ ಇಂಥ ಗುಂಪುಗಳು ಪ್ರತಿ ಹಳ್ಳಿಯನ್ನೂ ತಲುಪಿದವು. ಬಡ್ಡಿಯ ಸುಳಿಯಿಂದ ಲಕ್ಷಾಂತರ ಕುಟುಂಬಗಳನ್ನು ಕಾಪಾಡಿದ ಈ ಗುಂಪುಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ವಾರದ ಸಭೆ ಕಂತಿನ ವಸೂಲಿಯಲ್ಲಿಯೇ ಮುಗಿದುಹೋಗಿ, ಊರಿನ ಸಂಗತಿಗಳನ್ನು ಮಾತನಾಡಲು ಸಮಯವೇ ಉಳಿಯದಂತಾದದ್ದನ್ನೂ, ಚುನಾವಣೆ ಹತ್ತಿರ ಬಂದಾಗ ಸಂಘಗಳನ್ನು ಸೀರೆ ಹಂಚಲು ಮತ್ತು ಮೆರವಣಿಗೆಗೆ ಜನ ಸೇರಿಸಲು ಸುಲಭದ ದಾರಿಯೆಂದು ರಾಜಕಾರಣಿಗಳು ಬಗೆಯತೊಡಗಿದ್ದನ್ನೂ ಹಳೆಯ ಕಾರ್ಯಕರ್ತರು ನೋವಿನಿಂದ ನೆನೆಯುತ್ತಾರೆ. ಸಂಘಗಳ ಸಂಖ್ಯೆ ಹೆಚ್ಚಿದಷ್ಟೂ ರಾಜಕೀಯ ಭಾಗವಹಿಸುವಿಕೆ ಹೆಚ್ಚುತ್ತದೆಂಬ ಸರಳ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಸಂಘದಲ್ಲಿ ಏನನ್ನು ಮಾತನಾಡುತ್ತಾರೆ, ನಿರ್ಧಾರವನ್ನು ಯಾರು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸಂಘಗಳು ಸ್ಥಳೀಯ ಪ್ರಜಾಪ್ರಭುತ್ವಕ್ಕೆ ಕೇಡನ್ನೂ ಮಾಡಬಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಸ್ಥಾನಗಳನ್ನು ಗುಡಿಯ ಜೀರ್ಣೋದ್ಧಾರದ ಹೆಸರಿನಲ್ಲಿ ಹರಾಜು ಹಾಕಿ, ಹೆಚ್ಚು ಹಣ ಕೂಗಿದವರನ್ನು ‘ಅವಿರೋಧ’ವಾಗಿ ಆರಿಸುವ ಕೆಟ್ಟ ಚಾಳಿ 2020ರ ಚುನಾವಣೆಯಲ್ಲಿಯೂ ಕೆಲವು ಜಿಲ್ಲೆಗಳಿಂದ ವರದಿಯಾಯಿತು, ಅಂಥ ಹರಾಜುಗಳನ್ನು ನಡೆಸುವವರೂ ಊರಿನ ಹಿತದ ಹೆಸರಿನಲ್ಲಿ ಸೇರಿದ ಕೂಟದವರೇ. ಇನ್ನೊಂದು ಕೇಡು ಇಷ್ಟು ಒರಟಾಗಿ ಕಾಣುವುದಿಲ್ಲ. 2001ರಲ್ಲಿ ರಚನೆಯಾದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಂದ ಹಿಡಿದು ಕುಡಿಯುವ ನೀರು, ಜಲಾನಯನ, ಅರಣ್ಯ ಸಮಿತಿಗಳವರೆಗೆ ಒಂದೊಂದು ಇಲಾಖೆಯೂ ತನ್ನದೇ ಸಮಿತಿಯನ್ನು ಹಳ್ಳಿಯಲ್ಲಿ ಹುಟ್ಟುಹಾಕಿದಾಗ, ಪಾಲಕರೂ ಬಳಕೆದಾರರೂ ಮಾತನಾಡಲು ಹೊಸ ವೇದಿಕೆಗಳೇನೋ ದೊರೆತವು. ಆದರೆ ಈ ಸಮಿತಿಗಳು ಚುನಾಯಿತ ಪಂಚಾಯಿತಿಯೊಂದಿಗೆ ನಂಟಿಲ್ಲದೆ ನೇರವಾಗಿ ಇಲಾಖೆಯಿಂದಲೇ ಹಣ ಪಡೆದ ಕಡೆಗಳಲ್ಲಿ, ಊರಿಗೆ ಉತ್ತರ ಹೇಳಬೇಕಾದ ಸಂಸ್ಥೆ ಯಾವುದೆಂಬುದೇ ಮಸುಕಾಯಿತು. ಸಂಘವು ಪಂಚಾಯಿತಿಯ ಜಾಗದಲ್ಲಿ ತಾನೇ ಕುಳಿತುಕೊಂಡರೆ ಎರಡೂ ಸೊರಗುತ್ತವೆ. ಸಂಘವು ಪಂಚಾಯಿತಿಯ ಎದುರಿಗೆ ಕುಳಿತು ಲೆಕ್ಕ ಕೇಳಿದರೆ ಎರಡೂ ಬಲಗೊಳ್ಳುತ್ತವೆ.

ಲೆಕ್ಕ ಕೇಳಲು ಬೇಕಾದ ಸಾಧನಗಳು ಇಂದು ಹಿಂದಿಗಿಂತ ಹೆಚ್ಚಾಗಿವೆ. ರಾಜ್ಯದ ಸುಮಾರು 6,000 ಗ್ರಾಮ ಪಂಚಾಯಿತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಸದಸ್ಯರು ಆರಿಸಿಬರುವ ಕ್ಷೇತ್ರದ ಮಟ್ಟದಲ್ಲಿ ಮತದಾರರು ಸೇರಿ ತಮ್ಮ ಬೇಡಿಕೆಗಳನ್ನು ಪಟ್ಟಿ ಮಾಡುವ ವಾರ್ಡ್ ಸಭೆ, ಅವನ್ನು ಇಡೀ ಪಂಚಾಯಿತಿಯ ಮಟ್ಟದಲ್ಲಿ ಚರ್ಚಿಸುವ ಗ್ರಾಮಸಭೆ, ವರ್ಷದಲ್ಲಿ ನಡೆದ ಕಾಮಗಾರಿ ಮತ್ತು ಖರ್ಚಿನ ದಾಖಲೆಗಳನ್ನು ಸಾರ್ವಜನಿಕರ ಮುಂದಿಟ್ಟು ಪರಿಶೀಲಿಸುವ ಜಮಾಬಂದಿ, ಉದ್ಯೋಗ ಖಾತರಿಯ ಕೆಲಸಗಳನ್ನು ಊರವರೇ ತಾಳೆ ನೋಡುವ ಸಾಮಾಜಿಕ ಲೆಕ್ಕಪರಿಶೋಧನೆ, ಇವೆಲ್ಲವೂ ಕಾನೂನು ಮತ್ತು ನಿಯಮಗಳಲ್ಲಿ ಬರೆದಿಟ್ಟ ವ್ಯವಸ್ಥೆಗಳು. ಸಂಘಟಿತ ಜನ ಹಾಜರಾದ ಊರಿನಲ್ಲಿ ಈ ಸಭೆಗಳು ಮಧ್ಯಾಹ್ನದಿಂದ ಸಂಜೆಯವರೆಗೆ ಕಾವೇರಿ ನಡೆಯುತ್ತವೆ, ಯಾರೂ ಬಾರದ ಊರಿನಲ್ಲಿ ಸಹಿ ಸಂಗ್ರಹದಲ್ಲಿ ಮುಗಿಯುತ್ತವೆ.

ಮೂರು ದಶಕಗಳ ಈ ಅನುಭವದಿಂದ ಒಂದು ತೀರ್ಪನ್ನಂತೂ ಧೈರ್ಯವಾಗಿ ಹೇಳಬಹುದು. ಕಾಯಿದೆಯು ಅಧಿಕಾರವನ್ನು ಹಳ್ಳಿಗೆ ಇಳಿಸಬಲ್ಲದು, ಆದರೆ ಆ ಅಧಿಕಾರವನ್ನು ಕೂಲಿಕಾರರ, ಹೆಂಗಸರ, ಕೇರಿಯವರ ಕೈಗೆ ತಲುಪಿಸಿದ್ದು ಅವರೇ ಕಟ್ಟಿಕೊಂಡ, ಅವರೇ ಕಾರ್ಯಸೂಚಿ ನಿರ್ಧರಿಸಿದ ಸಂಘಗಳು. ಸರ್ಕಾರಗಳು ಸಂಘಗಳನ್ನು ಫಲಾನುಭವಿಗಳ ಪಟ್ಟಿಯಾಗಿ ನೋಡುವುದನ್ನು ಬಿಡಬೇಕು. ಸಂಘಗಳನ್ನು ನಡೆಸುವವರು ಕಂತಿನ ಲೆಕ್ಕ ಮುಗಿದ ಮೇಲೆ ಪಂಚಾಯಿತಿಯ ಲೆಕ್ಕಕ್ಕೂ ಅರ್ಧ ಗಂಟೆ ಮೀಸಲಿಡಬೇಕು. ಈ ಸಾಲುಗಳನ್ನು ಓದುತ್ತಿರುವವರು ಯಾವುದೇ ಯುವಕ ಮಂಡಲದ, ಹಾಲಿನ ಸಂಘದ, ಸ್ತ್ರೀಶಕ್ತಿ ಗುಂಪಿನ ಸದಸ್ಯರಾಗಿದ್ದರೆ, ಮುಂದಿನ ವಾರ್ಡ್ ಸಭೆಯ ದಿನಾಂಕವನ್ನು ತಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಕೇಳಿ ತಿಳಿದುಕೊಂಡು, ಸಂಘದವರನ್ನೆಲ್ಲ ಕರೆದುಕೊಂಡು ಹೋಗಿ, ಹಿಂದಿನ ಸಭೆಯ ಠರಾವುಗಳಲ್ಲಿ ಎಷ್ಟು ಜಾರಿಯಾಗಿವೆ ಎಂಬ ಒಂದು ಪ್ರಶ್ನೆಯನ್ನಾದರೂ ಎದ್ದು ನಿಂತು ಕೇಳಬೇಕು.